ಲಕ್ವ ಬಂದವರ ಮೂಳೆಯನ್ನು ಯಾರು ನೋಡುತ್ತಾರೆ?

ಲಕ್ವ ಹೊಡೆದವರನ್ನು ಮಾತಾಡಿಸಲು ಹೋದಾಗ ನಮ್ಮ ಕಡೆ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಬಿಪಿ ಎಷ್ಟಿತ್ತಂತೆ? ಶುಗರ್ ಇತ್ತಾ? ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದಾ, ನರ ಒಡೆದಿದ್ದಾ? ಕೈ ಎತ್ತುತ್ತಾರಾ? ಮಾತು ತಿಳಿಯುತ್ತಾ? ಆಮೇಲೆ ಹೊರಡುವಾಗ ಬಾಗಿಲ ಹತ್ತಿರ ನಿಂತು, ದನಿ ಇಳಿಸಿ, "ಇನ್ನೊಂದು ಸಲ ಹೊಡೆಯೋದಿಲ್ಲ ತಾನೇ?" ಮೂಳೆ ಹೇಗಿದೆ ಅಂತ ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ನೋಡಲು ಬಂದವರು ಕೇಳುವುದಿಲ್ಲ, ಮನೆಯವರು ಕೇಳುವುದಿಲ್ಲ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಡುವ ಚೀಟಿಯಲ್ಲೂ ಅದರ ಬಗ್ಗೆ ಒಂದು ಸಾಲು ಇರುವುದು ಅಪರೂಪ.

ಕೇಳಲೇಬೇಕಾದ ಪ್ರಶ್ನೆ ಅದು. ಲಕ್ವದಿಂದ ಉಳಿದುಕೊಂಡವರ ಮೂಳೆ ಅದೇ ವಯಸ್ಸಿನ ಬೇರೆಯವರ ಮೂಳೆಗಿಂತ ಸುಲಭವಾಗಿ ಮುರಿಯುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಲಕ್ವದ ಚಿಕಿತ್ಸೆ ಮುಗಿಸಿ ಮನೆಗೆ ಹೋದ 23 ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ತೆಗೆದು ನೋಡಿದ್ದಾರೆ. ಎರಡು ವರ್ಷದೊಳಗೆ ಅವರಲ್ಲಿ ನೂರಕ್ಕೆ 5.7 ಜನರಿಗೆ ಸಣ್ಣ ಪೆಟ್ಟಿಗೇ ಮೂಳೆ ಮುರಿದಿತ್ತು. ಅದೇ ವಯಸ್ಸಿನ ಆರೋಗ್ಯವಂತರಲ್ಲಿ ಅದು ನೂರಕ್ಕೆ 4.1. ಅಂದರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು ಅಪಾಯ. ನೆದರ್ಲೆಂಡ್ಸಿನಿಂದ 2009ರಲ್ಲಿ ಬಂದ ಇನ್ನೊಂದು ಅಧ್ಯಯನ ಸೊಂಟ ಮತ್ತು ತೊಡೆಯ ಮೂಳೆಯನ್ನು ಮಾತ್ರ ನೋಡಿತು. ಅಲ್ಲಿ ಅಪಾಯ ಸುಮಾರು ಎರಡು ಪಟ್ಟು. ಲಕ್ವ ಆದ ಮೊದಲ ಮೂರು ತಿಂಗಳಲ್ಲಂತೂ ಮೂರು ಪಟ್ಟಿಗೂ ಜಾಸ್ತಿ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ನಮ್ಮ ದೊಡ್ಡಪ್ಪನಿಂದ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಗಿರಣಿಗೆ ಸೇರಿದವರು. ಪಾಳಿಯ ಮೇಲೆ ಪಾಳಿ ನಿಂತೇ ದುಡಿದ ಮನುಷ್ಯ. ಒಂದು ಬೇಸಿಗೆಯಲ್ಲಿ ಎಡಗಡೆ ಲಕ್ವ ಹೊಡೆಯಿತು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಜೀವ ಉಳಿಯಿತು, ಮಾತೂ ಉಳಿಯಿತು. ಎಡಗೈ ಮಾತ್ರ ಜೋತು ಬಿತ್ತು, ಎಡಗಾಲು ಎಳೆಯುವಂತಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆ ಹಿಡಿದು ಪಡಸಾಲೆಯಿಂದ ಬಚ್ಚಲಿನವರೆಗೆ ಹೋಗಿ ಬರುತ್ತಿದ್ದರು. ಮನೆಯವರಿಗೆಲ್ಲ ಖುಷಿ. ಆಗಲೇ ಬಿದ್ದರು. ಬಚ್ಚಲಿನ ಹೊಸ್ತಿಲಿಗೆ ಎಡಗಾಲಿನ ಬೆರಳು ತಾಗಿತು, ಅಷ್ಟೆ. ದೊಡ್ಡದಾಗಿ ಬಿದ್ದದ್ದೂ ಅಲ್ಲ, ಕುಸಿದು ಕೂತ ಹಾಗೆ ಬಿದ್ದರು. ಎಡಗಡೆ ಸೊಂಟದ ಮೂಳೆ ಮುರಿಯಿತು.

"ಇಷ್ಟಕ್ಕೇ ಮುರೀತಾ?" ಅಂತ ದೊಡ್ಡಮ್ಮ ಎಕ್ಸ್‌ರೇ ಕೋಣೆಯ ಮುಂದೆ ನಿಂತು ಕೇಳುತ್ತಲೇ ಇದ್ದರು. ಅವರಿಗೆ ಉತ್ತರ ಕೊಟ್ಟದ್ದು ಮೂಳೆ ಡಾಕ್ಟರು. "ಅಮ್ಮಾ, ಬಿದ್ದಿದ್ದಕ್ಕೆ ಮಾತ್ರ ಮುರಿದಿಲ್ಲ. ಆರು ತಿಂಗಳಿಂದ ಈ ಕಡೆ ಮೂಳೆ ಸವೀತಾ ಬಂದಿದೆ. ಆ ಕಾಲಿನ ಮೇಲೆ ಇವರು ಭಾರಾನೇ ಹಾಕಿಲ್ಲ" ಅಂದರು.

ಆ ಮಾತನ್ನು ಹಿಡಿದುಕೊಂಡು ನಾನು ಓದಲು ಕೂತೆ. ನಮ್ಮ ಮೂಳೆ ಸತ್ತ ವಸ್ತು ಅಲ್ಲ. ದಿನವೂ ಹಳೆಯದು ಕರಗುತ್ತದೆ, ಹೊಸದು ಕಟ್ಟುತ್ತದೆ. ಕರಗಿಸುವ ಜೀವಕೋಶಗಳು ಬೇರೆ, ಕಟ್ಟುವವು ಬೇರೆ. ಎಲ್ಲಿ ಎಷ್ಟು ಕಟ್ಟಬೇಕು ಅನ್ನುವುದನ್ನು ಅದರ ಮೇಲೆ ಬೀಳುವ ಭಾರವೇ ಹೇಳುತ್ತದೆ. ಜರ್ಮನಿಯ ಯೂಲಿಯುಸ್ ವೋಲ್ಫ್ ಎಂಬ ಶಸ್ತ್ರವೈದ್ಯ 1892ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಬಾಹ್ಯಾಕಾಶಕ್ಕೆ ಹೋದವರಿಗೆ ಅಲ್ಲಿ ದೇಹದ ಭಾರ ಅನ್ನುವುದೇ ಗೊತ್ತಾಗುವುದಿಲ್ಲ. ಸರಿಯಾದ ವ್ಯಾಯಾಮ ಇಲ್ಲದಿದ್ದರೆ ಅವರ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆಯಷ್ಟು ಸವೆಯುತ್ತದೆ. ಅವರೆಲ್ಲ ಗಟ್ಟಿಮುಟ್ಟಾದ ಆಳುಗಳು. ಹಾಗಿದ್ದರೆ ಎಪ್ಪತ್ತು ದಾಟಿದ, ಅರ್ಧ ಮೈ ಸ್ವಾಧೀನದಲ್ಲಿ ಇಲ್ಲದ ಮನುಷ್ಯನ ಗತಿ ಏನು? ಯಾರೂ ವಾಸ ಇಲ್ಲದ ಮನೆಗೆ ಯಾರೂ ಸುಣ್ಣ ಹೊಡೆಸುವುದಿಲ್ಲ ಅಲ್ವಾ, ದೇಹವೂ ಕೆಲಸ ಇಲ್ಲದ ಮೂಳೆಯನ್ನು ಹಾಗೇ ಬಿಟ್ಟುಬಿಡುತ್ತದೆ.

ಸ್ವೀಡನ್ನಿನಲ್ಲಿ ಜೋರಾಗಿ ಲಕ್ವ ಹೊಡೆದವರನ್ನು ಒಂದು ವರ್ಷ ಗಮನಿಸಿ 1999ರಲ್ಲಿ ಲೆಕ್ಕ ಕೊಟ್ಟರು. ಸೋತ ಕಡೆಯ ತೋಳಿನ ಮೂಳೆ ನೂರಕ್ಕೆ 17ರಷ್ಟು, ಸೊಂಟದ ಹತ್ತಿರದ ತೊಡೆ ಮೂಳೆ ನೂರಕ್ಕೆ 12ರಷ್ಟು ಸವೆದಿತ್ತು. ಮರುವರ್ಷ ನಾರ್ವೆಯಿಂದ ಬಂದ ಅಧ್ಯಯನ ನನ್ನನ್ನು ಇನ್ನೂ ಹೆಚ್ಚು ಹಿಡಿದು ನಿಲ್ಲಿಸಿತು. ಲಕ್ವ ಆದ ಮೊದಲ ದಿನಗಳಲ್ಲೇ ನಡೆಯಲು ಆಗುತ್ತಿದ್ದವರಿಗೆ ವರ್ಷದ ಕೊನೆಗೆ ಸೋತ ಕಡೆಯ ಸೊಂಟದಲ್ಲಿ ನೂರಕ್ಕೆ 3ರಷ್ಟು ಮಾತ್ರ ನಷ್ಟ. ನಡೆಯಲು ಆಗದವರಿಗೆ ನೂರಕ್ಕೆ 10ರಷ್ಟು. ಅವರಲ್ಲೂ ಎರಡು ತಿಂಗಳೊಳಗೆ ಮತ್ತೆ ಹೆಜ್ಜೆ ಕಲಿತವರ ಮೂಳೆ, ಕಲಿಯದವರ ಮೂಳೆಗಿಂತ ಚೆನ್ನಾಗಿ ಉಳಿದಿತ್ತು. ಅಂದರೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದರೂ, ಆ ಸೋತ ಕಾಲಿನ ಮೇಲೆ ಸ್ವಲ್ಪ ಭಾರ ಬಿದ್ದರೂ, ಮೂಳೆಗೆ ಅದು ಲೆಕ್ಕಕ್ಕೆ ಸಿಗುತ್ತದೆ.

ಇದಕ್ಕೆ ಬೀಳುವುದೂ ಸೇರಿಕೊಳ್ಳುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 2002-03ರಲ್ಲಿ ಲಕ್ವ ಆದ ಸಾವಿರಕ್ಕೂ ಹೆಚ್ಚು ಜನರನ್ನು ಆರು ತಿಂಗಳ ನಂತರ ಕೇಳಿದಾಗ ನೂರಕ್ಕೆ 37 ಜನ ಒಂದು ಸಲವಾದರೂ ಬಿದ್ದಿದ್ದರು. ನಾವು ನೀವು ಮುಗ್ಗರಿಸಿದರೆ ಕೈ ತಾನಾಗಿ ಮುಂದೆ ಬರುತ್ತದೆ. ಹೆಚ್ಚೆಂದರೆ ಮಣಿಕಟ್ಟು ಮುರಿಯಬಹುದು. ಲಕ್ವ ಆದವರು ಬೀಳುವುದು ಸಾಮಾನ್ಯವಾಗಿ ಸೋತ ಕಡೆಗೇ. ಆ ಕಡೆಯ ಕೈ ಅಡ್ಡ ಬರುವುದಿಲ್ಲ. ಪೆಟ್ಟೆಲ್ಲ ನೇರವಾಗಿ ಸೊಂಟಕ್ಕೆ, ಭುಜಕ್ಕೆ. ಸವೆದ ಮೂಳೆ ಇರುವುದೂ ಅದೇ ಕಡೆ. ಹಾಗಾಗಿ ಇವರಲ್ಲಿ ಸೊಂಟ ಮುರಿದರೆ ಬಹಳ ಮಟ್ಟಿಗೆ ಸೋತ ಕಡೆಯದ್ದೇ ಮುರಿಯುತ್ತದೆ.

ಎಡಗಡೆ ಲಕ್ವ ಆದವರಲ್ಲಿ ಇನ್ನೊಂದು ತೊಂದರೆ ಇರುತ್ತದೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿರುವುದರಿಂದ ಕೆಲವರಿಗೆ ಎಡಗಡೆಯ ಲೋಕವೇ ಗಮನಕ್ಕೆ ಬರುವುದಿಲ್ಲ. ಕಣ್ಣು ಸರಿ ಇರುತ್ತದೆ, ಆದರೂ ಎಡಗಡೆಯ ಬಾಗಿಲ ಚೌಕಟ್ಟು ಕಾಣುವುದಿಲ್ಲ. ದೊಡ್ಡಪ್ಪ ತಟ್ಟೆಯ ಎಡಭಾಗದ ಅನ್ನವನ್ನು ಹಾಗೇ ಬಿಟ್ಟು ಏಳುತ್ತಿದ್ದರು. ಹಸಿವಿಲ್ಲ ಅಂತ ದೊಡ್ಡಮ್ಮ ಅಂದುಕೊಂಡಿದ್ದರು. ಫಿಜಿಯೋಥೆರಪಿಗೆ ಬರುತ್ತಿದ್ದ ಹುಡುಗಿ ಅದನ್ನು ನೋಡಿದ ತಕ್ಷಣ ಹಿಡಿದಳು. "ಅಜ್ಜಾರೆ, ತಟ್ಟೆ ತಿರುಗಿಸ್ರಿ" ಅಂದಳು. ತಿರುಗಿಸಿದರೆ ಉಳಿದ ಅನ್ನ ಕಂಡಿತು, ಊಟ ಮಾಡಿದರು. ತಟ್ಟೆಯಲ್ಲಿ ಅನ್ನ ಕಾಣದವರಿಗೆ ಹೊಸ್ತಿಲು ಹೇಗೆ ಕಾಣಬೇಕು?

ನಡೆಯುವವರನ್ನು ಮಾತಾಡಿಸುವ ವಿಷಯವನ್ನೂ ಹೇಳಬೇಕು. ಉಳಿದವರಿಗೆ ನಡಿಗೆ ತಾನಾಗಿ ನಡೆಯುವ ಕೆಲಸ. ಲಕ್ವ ಆದವರಿಗೆ ಒಂದೊಂದು ಹೆಜ್ಜೆಗೂ ಗಮನ ಬೇಕು. ಸ್ವೀಡನ್ನಿನ ಸಂಶೋಧಕರು 1997ರಲ್ಲಿ ಸರಳವಾದ ಒಂದು ಸಂಗತಿ ತೋರಿಸಿದರು: ನಡೆಯುವಾಗ ಮಾತಾಡಿಸಿದರೆ ನಿಂತುಬಿಡುವ ಹಿರಿಯರು ಮುಂದೆ ಬೀಳುವ ಸಂಭವ ಹೆಚ್ಚು. ನಮ್ಮ ಮನೆಗಳಲ್ಲಿ ನಡೆಯುವುದು ಏನು? ಅಜ್ಜ ಎದ್ದು ನಾಲ್ಕು ಹೆಜ್ಜೆ ಹಾಕಿದ ಕೂಡಲೇ ಎಲ್ಲರೂ ಮಾತಾಡಿಸುತ್ತಾರೆ. "ಏನ್ರೀ ಅಣ್ಣಾರೆ, ಆರಾಮಾದ್ರಾ?" ಅಂತ ಬೀದಿ ಬಾಗಿಲಿಂದ ಕೂಗುತ್ತಾರೆ. ಪ್ರೀತಿಯಿಂದಲೇ ಕೂಗುತ್ತಾರೆ. ಅವರು ತಿರುಗಿ ನೋಡುತ್ತಾರೆ, ಕಾಲು ತಪ್ಪುತ್ತದೆ. ಮಾತಾಡಿಸಬೇಕು, ಖಂಡಿತ. ಅವರು ಕೂತ ಮೇಲೆ ಮಾತಾಡಿಸಿದರೆ ಆಯಿತು.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂತಿರುವ ಮಾತಿಗೆ ಬರುತ್ತೇನೆ. ಪೂರ್ತಿ ಹಾಸಿಗೆ ಹಿಡಿದವರು ಬೀಳುವುದು ಕಡಿಮೆ. ಪೂರ್ತಿ ಗುಣವಾದವರೂ ಅಷ್ಟಾಗಿ ಬೀಳುವುದಿಲ್ಲ. ಬೀಳುವುದು ನಡುವೆ ಇರುವವರು. ಎದ್ದೇಳುವ ಧೈರ್ಯ ಬಂದಿದೆ, ಕಾಲು ಇನ್ನೂ ಮಾತು ಕೇಳುತ್ತಿಲ್ಲ, ಮೂಳೆ ಆಗಲೇ ಸವೆದಿದೆ. ಮನೆಯವರು ಸಮಾಧಾನದ ಉಸಿರು ಬಿಡುವ ಕಾಲವೇ ಅಪಾಯದ ಕಾಲ. ಒಮ್ಮೆ ಬಿದ್ದರು ಅಂದರೆ, ಮೂಳೆ ಮುರಿಯದಿದ್ದರೂ, ನಾವು ಮಾಡುವ ಮೊದಲ ಕೆಲಸ ಅವರನ್ನು ಮತ್ತೆ ಮಂಚಕ್ಕೆ ಕಳಿಸುವುದು. "ಏಳಬ್ಯಾಡ್ರೀ, ನಾನು ಬರೋತನಕ ಕುಂತಿರ್ರಿ. ಬಿದ್ರೆ ಏನ್ ಗತಿ?" ಈ ಮಾತು ಕೇಳದ ಲಕ್ವದ ರೋಗಿ ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಅದರಲ್ಲಿ ಎಷ್ಟು ಅಕ್ಕರೆ ಇದೆ ಅಂತ ನನಗೆ ಗೊತ್ತು. ಆದರೆ ಮಂಚದ ಮೇಲೆ ಕೂತ ಒಂದೊಂದು ವಾರವೂ ಮೂಳೆಯನ್ನು ಇನ್ನಷ್ಟು ಸವೆಸುತ್ತದೆ, ತೊಡೆಯ ಮಾಂಸವನ್ನು ಇನ್ನಷ್ಟು ಕರಗಿಸುತ್ತದೆ. ಬಚ್ಚಲಿಗಾದರೂ ಅವರು ಏಳಲೇಬೇಕು. ಆಗ ಮೊದಲಿಗಿಂತ ಸುಲಭವಾಗಿ ಬೀಳುತ್ತಾರೆ, ಮೊದಲಿಗಿಂತ ಸುಲಭವಾಗಿ ಮುರಿಯುತ್ತದೆ. ಬೀಳುವ ಭಯಕ್ಕೆ ಮಂಚ ಮದ್ದಲ್ಲ. ಪಕ್ಕದಲ್ಲಿ ಒಬ್ಬರು ನಿಂತು ನಡೆಸುವುದೇ ಮದ್ದು.

ದೊಡ್ಡಪ್ಪನಿಗೆ ಸೊಂಟದಲ್ಲಿ ಮುರಿದ ಮೂಳೆಯ ತುದಿ ತೆಗೆದು ಲೋಹದ ಬಾಲ್ ಹಾಕಿದರು. ಆಪರೇಷನ್ ಆದ ಮರುದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ದೊಡ್ಡಮ್ಮ ಹೌಹಾರಿದರು. ಸಂಬಂಧಿಕರೆಲ್ಲ "ಇಷ್ಟು ಬೇಗ ಯಾಕೆ, ಮೂರು ತಿಂಗಳು ಮಲಗಲಿ" ಅಂದರು. ಮಲಗಿಸಿದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಗಟ್ಟಿಯಾಗುತ್ತದೆ. ಸೊಂಟ ಮುರಿದ ಹಿರಿಯರ ಜೀವ ತೆಗೆಯುವುದು ಎಷ್ಟೋ ಸಲ ಇವೇ. ಆದಷ್ಟು ಬೇಗ, ಸಾಧ್ಯವಾದರೆ ಎರಡು ದಿನದೊಳಗೆ ಆಪರೇಷನ್ ಆಗಬೇಕು ಅನ್ನುವುದೂ ಇದಕ್ಕೇ. ಲಕ್ವದವರಲ್ಲಿ ಬಹಳ ಜನ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಯಾವ ಮಾತ್ರೆ, ಕೊನೆಗೆ ಯಾವಾಗ ನುಂಗಿದ್ದು ಅನ್ನುವುದನ್ನು ಬಾಗಿಲಲ್ಲೇ ಹೇಳಿದರೆ ಡಾಕ್ಟರಿಗೆ ಸಮಯ ಉಳಿಯುತ್ತದೆ.

ಚಳ್ಳಕೆರೆಯಲ್ಲಿರುವ ನಮ್ಮ ಅತ್ತೆಯೊಬ್ಬರ ಕಥೆ ಇದಕ್ಕಿಂತ ಕಷ್ಟದ್ದು. ಅವರಿಗೆ ಬಲಗಡೆ ಲಕ್ವ. ಅದರ ಜೊತೆ ಮಾತೂ ಹೋಗಿತ್ತು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಹೀಗಾಗುವುದು ಉಂಟು. ರಾತ್ರಿ ಯಾರೂ ನೋಡದಾಗ ಮಂಚದಿಂದ ಜಾರಿದರು. ಎತ್ತಿ ಮಲಗಿಸಿದರು. ಅತ್ತೆ ನರಳಿದರು, ಆದರೆ ಅವರು ಮೊದಲೂ ನರಳುತ್ತಿದ್ದರು. ಎಲ್ಲಿ ನೋವು ಅಂತ ಹೇಳಲು ಅವರಿಗೆ ಮಾತಿಲ್ಲ. ಆ ಕಾಲಿನಲ್ಲಿ ಸ್ಪರ್ಶವೂ ಅರ್ಧಕ್ಕರ್ಧ ಇರಲಿಲ್ಲ. ಎಣ್ಣೆ ಹಚ್ಚಿ ತಿಕ್ಕಿದರು. ಕಾಲು ಬಾತು ನೀಲಿಗಟ್ಟಿದ ಮೇಲೆ ಎಕ್ಸ್‌ರೇ ತೆಗೆಸಿದರು.

ಆದ್ದರಿಂದ ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಲಕ್ವದವರು ಬಿದ್ದರೆ ಅವರ ಬಾಯಿಂದ ನೋವಿನ ಮಾತು ಬರಲಿ ಅಂತ ಕಾಯಬೇಡಿ. ಎರಡೂ ಕಾಲನ್ನು ಜೋಡಿಸಿ ನೋಡಿ. ಒಂದು ಕಾಲು ಗಿಡ್ಡ ಆದ ಹಾಗೆ ಕಂಡರೆ, ಪಾದ ಹೊರಗಡೆಗೆ ತಿರುಗಿದ್ದರೆ ಸೊಂಟ ಮುರಿದಿರುವ ಸಾಧ್ಯತೆ ಹೆಚ್ಚು. ತೊಡೆಸಂದಿಯಲ್ಲಿ ಮುಟ್ಟಿದರೆ ಮುಖ ಕಿವುಚುತ್ತಾರಾ, ನಿನ್ನೆಯವರೆಗೆ ಊರುತ್ತಿದ್ದ ಕಾಲನ್ನು ಇವತ್ತು ಊರುತ್ತಿಲ್ಲವಾ ನೋಡಿ. ಕೆಲವು ಸಲ ಮೂಳೆ ಬಿರುಕು ಬಿಟ್ಟು ಸರಿಯದೆ ಹಾಗೇ ನಿಂತಿರುತ್ತದೆ, ಕಾಲು ನೋಡಲು ಸರಿಯಾಗೇ ಇರುತ್ತದೆ. ಅನುಮಾನ ಇದ್ದರೆ ನಿಲ್ಲಿಸಲು ಹೋಗಬೇಡಿ, ತಿಕ್ಕಬೇಡಿ, ಎಳೆಯಬೇಡಿ, ಕಟ್ಟು ಹಾಕಿಸಲು ಊರೂರು ಅಲೆಯಬೇಡಿ. ಹಲಗೆಯ ಮೇಲೋ ಗಟ್ಟಿ ಜಮಖಾನದಲ್ಲೋ ಮಲಗಿಸಿ ಎಕ್ಸ್‌ರೇ ಇರುವ ಕಡೆ ಕರೆದುಕೊಂಡು ಹೋಗಿ. ಸುಮ್ಮನೆ ಕೂಡಿಸಿ ಏಳಿಸುವಾಗಲೂ ಸೋತ ಕೈ ಹಿಡಿದು ಜಗ್ಗಬಾರದು. ಆ ಭುಜದ ಕೀಲು ಸಡಿಲವಾಗಿರುತ್ತದೆ.

ಮಾತ್ರೆಗಳ ಬಗ್ಗೆ ಓದಿದಾಗ ಎರಡು ಸಂಗತಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತವು. ಮೊದಲನೆಯದು ಫ್ಲೂಯಾಕ್ಸೆಟಿನ್. ಅದು ಖಿನ್ನತೆಯ ಮಾತ್ರೆ. ಲಕ್ವ ಆದವರ ಕೈಕಾಲು ಚೇತರಿಸಲು ಇದು ಸಹಾಯ ಮಾಡುತ್ತದೆ ಅಂತ ಒಂದು ಕಾಲದಲ್ಲಿ ಬಹಳ ಆಸೆ ಇತ್ತು. ಬ್ರಿಟನ್ನಿನಲ್ಲಿ ಫೋಕಸ್ ಎಂಬ ದೊಡ್ಡ ಪ್ರಯೋಗದಲ್ಲಿ 3,127 ಜನರನ್ನು ಸೇರಿಸಿಕೊಂಡು, ಅರ್ಧ ಜನರಿಗೆ ಆರು ತಿಂಗಳು ಇದನ್ನು ಕೊಟ್ಟರು. ಉಳಿದವರಿಗೆ ಔಷಧಿ ಇಲ್ಲದ ಅದೇ ಥರದ ಗುಳಿಗೆ. 2018ರ ಕೊನೆಗೆ ಫಲಿತಾಂಶ ಬಂತು. ಕೈಕಾಲಿನ ಚೇತರಿಕೆಯಲ್ಲಿ ವ್ಯತ್ಯಾಸ ಇರಲಿಲ್ಲ. ಖಿನ್ನತೆ ಕಡಿಮೆ ಆಗಿತ್ತು. ಆದರೆ ಮೂಳೆ ಮುರಿದವರು ಔಷಧಿ ಇಲ್ಲದ ಗುಳಿಗೆಯ ಕಡೆ 23 ಇದ್ದರೆ, ಮಾತ್ರೆ ತೆಗೆದುಕೊಂಡ ಕಡೆ 45. ಖಿನ್ನತೆ ಲಕ್ವದ ನಂತರ ನಿಜವಾಗಿಯೂ ಕಾಡುತ್ತದೆ, ಅದಕ್ಕೆ ಔಷಧಿ ಬೇಕಾದವರಿಗೆ ಬೇಕು. ಅಂಥವರು ಇದನ್ನು ಓದಿ ಮಾತ್ರೆ ನಿಲ್ಲಿಸಬಾರದು. ಕೈಕಾಲಿಗೆ ಬಲ ಬರಲಿ ಅಂತ ಮಾತ್ರ ಕೊಡುತ್ತಿದ್ದರೆ ಡಾಕ್ಟರನ್ನು ಒಂದು ಮಾತು ಕೇಳಬಹುದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೂಡ ವರ್ಷಗಟ್ಟಲೆ ನುಂಗಿದರೆ ಮೈಯಲ್ಲಿನ ವಿಟಮಿನ್ ಡಿ ಇಳಿಸಿ ಮೂಳೆ ಸವೆಸುತ್ತದೆ. ನಿದ್ದೆ ಮಾತ್ರೆ, ಬಿಪಿಯ ಕೆಲವು ಮಾತ್ರೆ ಎದ್ದ ಕೂಡಲೇ ತಲೆ ತಿರುಗಿಸುತ್ತವೆ. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಕಾಲು ಆಡಿಸಿ, ಆಮೇಲೆ ಏಳಬೇಕು.

ಎರಡನೆಯದು ಕೇಳಿದರೆ ಬೇಸರ ಆಗುತ್ತದೆ. 2005ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಜಪಾನಿನಿಂದ ಒಂದು ವರದಿ ಬಂತು. ಲಕ್ವ ಆದ 628 ಜನರಲ್ಲಿ ಅರ್ಧ ಜನರಿಗೆ ಫೋಲಿಕ್ ಆಸಿಡ್ ಮತ್ತು ಮೆಕೊಬಾಲಮಿನ್ (ಇದು ವಿಟಮಿನ್ ಬಿ12ರ ಒಂದು ರೂಪ) ಕೊಟ್ಟರೆ ಸೊಂಟ ಮುರಿಯುವುದು ಭಾರಿ ಕಡಿಮೆ ಆಯಿತು ಅಂತ ಅದರಲ್ಲಿತ್ತು. ಎಷ್ಟು ಅಗ್ಗದ ಪರಿಹಾರ! ಲೋಕವೇ ನಂಬಿತು. ಆ ಅಂಕಿಗಳನ್ನು ನಂಬುವ ಹಾಗಿಲ್ಲ ಅಂತ ಗೊತ್ತಾಗಿ 2016ರಲ್ಲಿ ಪತ್ರಿಕೆ ಆ ವರದಿಯನ್ನು ಹಿಂತೆಗೆದುಕೊಂಡಿತು. ಅದನ್ನು ಬರೆದ ಸಂಶೋಧಕನ ಇನ್ನೂ ಹತ್ತಾರು ವರದಿಗಳು ಹೀಗೇ ಹೋದವು. ಅವುಗಳಲ್ಲಿ ಬಹಳಷ್ಟು ಲಕ್ವದವರ ಮೂಳೆಯ ಬಗ್ಗೆಯೇ ಇದ್ದವು. ದಿಕ್ಕಿಲ್ಲದ ರೋಗಿಗಳ ಹೆಸರಲ್ಲಿ ಸುಳ್ಳು ಅಂಕಿ ಬರೆದರೆ ಅದು ಎಷ್ಟು ವರ್ಷ ಎಷ್ಟು ಜನರ ದಾರಿ ತಪ್ಪಿಸುತ್ತದೆ, ಯೋಚಿಸಿ. ಮೆಕೊಬಾಲಮಿನ್ ನಮ್ಮಲ್ಲಿ ಲಕ್ವದವರ ಮಾತ್ರೆ ಚೀಲದಲ್ಲಿ ಸಾಮಾನ್ಯವಾಗಿ ಇರುತ್ತದೆ. ಬಿ12 ಕಮ್ಮಿ ಇರುವವರಿಗೆ ಅದು ಬೇಕೇ ಬೇಕು. ಮೂಳೆ ಕಾಯುತ್ತದೆ ಅಂತ ಮಾತ್ರ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಇನ್ನು ಬಿಸಿಲು. ದಾವಣಗೆರೆ, ಚಿತ್ರದುರ್ಗದವರಿಗೆ ಬಿಸಿಲಿನ ಕೊರತೆ ಅಂದರೆ ಯಾರಾದರೂ ನಂಬುತ್ತಾರಾ? ಕಲ್ಲಿನ ಕೋಟೆಯೇ ಬಿಸಿಲಿಗೆ ಕಾದು ಸುಡುವ ಸೀಮೆ ನಮ್ಮದು. ಆದರೆ ಲಕ್ವದವರು ಇರುವುದು ಒಳಮನೆಯಲ್ಲಿ, ಫ್ಯಾನಿನ ಕೆಳಗೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ. ಎಳೆ ಬಿಸಿಲು ಒಳ್ಳೆಯದು ಅಂತ ಬೆಳಿಗ್ಗೆ ಏಳಕ್ಕೆ ಕಟ್ಟೆಯ ಮೇಲೆ ಕೂಡಿಸುತ್ತೇವೆ. ಮನಸ್ಸಿಗೆ ಅದು ಒಳ್ಳೆಯದೇ. ಆದರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣಗಳು ಸೂರ್ಯ ಮೇಲೇರಿದ ಮೇಲೆ, ಹತ್ತು ಹನ್ನೊಂದರ ನಂತರ ಚೆನ್ನಾಗಿ ಬರುತ್ತವೆ. ಗಾಜಿನ ಕಿಟಕಿಯ ಮೂಲಕ ಬರುವುದಿಲ್ಲ. ಏಪ್ರಿಲ್ ತಿಂಗಳ ನಮ್ಮೂರ ಬಿಸಿಲಿಗೆ ಹಿರಿಯರನ್ನು ಒಡ್ಡುವುದು ಕಷ್ಟ. ಆಗ ಸ್ವಲ್ಪ ಹೊತ್ತು ಕೈಕಾಲು ಮಾತ್ರ ಬಿಸಿಲಿಗೆ ಬಿದ್ದರೂ ಸಾಕು. ರಕ್ತ ಪರೀಕ್ಷೆಯಲ್ಲಿ ಕಮ್ಮಿ ಬಂದರೆ ಡಾಕ್ಟರು ಮಾತ್ರೆಯೋ ಪುಡಿಯೋ ಬರೆಯುತ್ತಾರೆ. ವಾರಕ್ಕೊಮ್ಮೆಯ 60,000 ಯೂನಿಟ್ ಪ್ಯಾಕೆಟ್ಟನ್ನು ಕೇಳದೆ ವರ್ಷಗಟ್ಟಲೆ ನುಂಗುತ್ತಾ ಹೋಗಬಾರದು. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಹೆಂಗಸರಿಗೆ ವರ್ಷಕ್ಕೆ ಒಂದೇ ಸಲ 5 ಲಕ್ಷ ಯೂನಿಟ್ ಕೊಟ್ಟು ನೋಡಿದಾಗ ಅವರು ಬೀಳುವುದೂ ಮುರಿದುಕೊಳ್ಳುವುದೂ ಜಾಸ್ತಿ ಆಯಿತು. 2010ರಲ್ಲಿ ಆ ವರದಿ ಬಂದಿದೆ.

ರಾಗಿ ನಮ್ಮದೇ ಬೆಳೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಹೊಸದುರ್ಗ, ಹಿರಿಯೂರು ಕಡೆಯ ಮನೆಗಳಲ್ಲಿ ಮುದ್ದೆ ಇಲ್ಲದೆ ಊಟ ಇಲ್ಲ. ಆದರೆ ಲಕ್ವದವರಿಗೆ ಮುದ್ದೆ ಕೊಡುವ ಮೊದಲು ನುಂಗಲು ಬರುತ್ತದಾ ಅಂತ ಡಾಕ್ಟರಿಂದಲೋ ಥೆರಪಿಸ್ಟರಿಂದಲೋ ನೋಡಿಸಿಕೊಳ್ಳಬೇಕು. ಲಕ್ವದ ನಂತರ ಬಹಳ ಜನರಿಗೆ ಗಂಟಲು ಸೋತಿರುತ್ತದೆ. ತೆಳು ಅಂಬಲಿ ಶ್ವಾಸನಾಳಕ್ಕೆ ಇಳಿದು ಕೆಮ್ಮು, ನ್ಯುಮೋನಿಯಾ ಆಗಬಹುದು. ಗಟ್ಟಿ ಮುದ್ದೆ ಅಡ್ಡ ಸಿಕ್ಕಬಹುದು. ಸ್ವಲ್ಪ ಗಟ್ಟಿ ಹದದ ರಾಗಿ ಗಂಜಿ ಕೆಲವರಿಗೆ ಹೊಂದುತ್ತದೆ. ಬೇಳೆ, ಮೊಸರು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಇವನ್ನು ಬಿಡಬಾರದು. ಬರಿ ಗಂಜಿ ಕುಡಿಸಿ ಕುಡಿಸಿ ಮೈ ಇಳಿಸಿದರೆ ಮೂಳೆಗೆ ಆಸರೆಯಾಗುವ ಮಾಂಸವೇ ಉಳಿಯುವುದಿಲ್ಲ.

ಬಚ್ಚಲಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ದೊಡ್ಡಪ್ಪನ ಆಪರೇಷನ್ನಿಗೆ ಆದ ಖರ್ಚಿನ ಮುಂದೆ ಆಮೇಲೆ ಬಚ್ಚಲಿಗೆ ಹಾಕಿಸಿದ್ದು ಏನೇನೂ ಅಲ್ಲ. ಹೊಸ್ತಿಲು ಒಡೆಸಿ ಇಳಿಜಾರು ಮಾಡಿಸಿದೆವು. ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿದೆವು. ಬಲಗೈ ಗಟ್ಟಿ ಇರುವುದರಿಂದ ಕಮೋಡಿನ ಬಲಗಡೆಗೆ. ಕೂತು ಸ್ನಾನ ಮಾಡಲು ಅಲುಗಾಡದ ಪ್ಲಾಸ್ಟಿಕ್ ಸ್ಟೂಲು. ರಾತ್ರಿಯೆಲ್ಲ ಉರಿಯುವ ಸಣ್ಣ ಬಲ್ಬು. ಪಡಸಾಲೆಯಲ್ಲಿ ಹಾಸಿದ್ದ ಚಾಪೆ, ಕಾಲೊರಸು ಎಲ್ಲ ತೆಗೆದೆವು, ಯಾಕೆಂದರೆ ಎಳೆಯುವ ಕಾಲಿನ ಬೆರಳು ಮೊದಲು ಸಿಕ್ಕಿಕೊಳ್ಳುವುದು ಅಂಥ ಅಂಚುಗಳಿಗೇ. ಹವಾಯಿ ಚಪ್ಪಲಿ ಬಿಡಿಸಿ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಕೊಡಿಸಿದೆವು. ಪಾದ ಎತ್ತಿ ಹಿಡಿಯುವ ಪಟ್ಟಿಯನ್ನು ಫಿಜಿಯೋ ಹುಡುಗಿ ಅಳತೆ ತೆಗೆದು ಮಾಡಿಸಿಕೊಟ್ಟಳು.

ಡಾಕ್ಟರುಗಳ ಹತ್ತಿರ ಕೇಳಬೇಕಾದ್ದೂ ಇದೆ. ಒಂಟಾರಿಯೊದಲ್ಲೇ 65 ದಾಟಿದ ಲಕ್ವದವರನ್ನು ನೋಡಿದರೆ, ಒಂದು ವರ್ಷದೊಳಗೆ ಮೂಳೆ ಸಾಂದ್ರತೆಯ ಪರೀಕ್ಷೆ ಆದದ್ದು ನೂರಕ್ಕೆ 5 ಜನರಿಗೆ. ಅಷ್ಟು ಅನುಕೂಲ ಇರುವ ದೇಶದಲ್ಲೇ ಹೀಗೆ. ಡೆಕ್ಸಾ ಅನ್ನುವ ಆ ಸ್ಕ್ಯಾನ್ ಎಲ್ಲ ಊರಲ್ಲೂ ಸಿಗುವುದಿಲ್ಲ, ಸಿಗುವ ಕಡೆ ಸೋತ ಕಡೆಯ ಸೊಂಟವನ್ನೂ ನೋಡಿ ಅಂತ ಹೇಳಬೇಕು. ಸವೆತ ಹೆಚ್ಚಿದ್ದರೆ ಔಷಧಿಗಳಿವೆ. ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೊಲೆಡ್ರೋನಿಕ್ ಆಸಿಡ್ ಅವುಗಳಲ್ಲೊಂದು. ಲಕ್ವ ಆಗಿ ಹೆಚ್ಚು ದಿನ ಆಗದವರಿಗೆ ಇದನ್ನು ಒಂದು ಸಲ ಕೊಟ್ಟಾಗ ಸೋತ ಸೊಂಟದ ಸವೆತ ನಿಂತಿತು ಅಂತ ಇಂಗ್ಲೆಂಡಿನ ಒಂದು ಸಣ್ಣ ಅಧ್ಯಯನ 2007ರಲ್ಲಿ ತೋರಿಸಿತು. ಅದೇ ವರ್ಷ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಈ ಔಷಧಿ ಪಡೆದ ಕೆಲವರಿಗೆ ಎದೆಬಡಿತದ ಲಯ ತಪ್ಪಿದ್ದು ಕಂಡಿತ್ತು. ಲಯ ತಪ್ಪಿದ ಎದೆಬಡಿತ ಲಕ್ವಕ್ಕೇ ಒಂದು ಕಾರಣ. ಕಿಡ್ನಿ ಹೇಗಿದೆ, ವಿಟಮಿನ್ ಡಿ ಸರಿ ಇದೆಯಾ, ಹಲ್ಲು ಕೀಳಿಸುವುದು ಬಾಕಿ ಇದೆಯಾ ಅನ್ನುವುದನ್ನೆಲ್ಲ ನೋಡಿಯೇ ಕೊಡಬೇಕು. ಕೊಡುವುದು ಬಿಡುವುದು ಡಾಕ್ಟರಿಗೆ ಸೇರಿದ್ದು. ಕೇಳುವುದು ನಮಗೆ ಸೇರಿದ್ದು. ನರದ ಡಾಕ್ಟರು ಮೂಳೆ ತಮ್ಮದಲ್ಲ ಅಂದುಕೊಳ್ಳುತ್ತಾರೆ. ಮೂಳೆ ಡಾಕ್ಟರ ಹತ್ತಿರ ನಾವು ಹೋಗುವುದು ಮುರಿದ ಮೇಲೆ. ಈ ಇಬ್ಬರ ನಡುವೆ ಬಿದ್ದುಹೋಗುವ ವಿಷಯವನ್ನು ಎತ್ತಿ ಹಿಡಿಯಬೇಕಾದವರು ಮನೆಯವರೇ.

ಜಗಳೂರು, ಹೊಳಲ್ಕೆರೆ, ಮೊಳಕಾಲ್ಮೂರಿನ ಹಳ್ಳಿಗಳಿಂದ ಫಿಜಿಯೋಥೆರಪಿಗೆ ಅಂತ ದಿನಾ ಊರಿಗೆ ಬರುವುದು ಆಗದ ಮಾತು. ಬಸ್ಸಿನ ಮೆಟ್ಟಿಲು ಹತ್ತುವುದೇ ಅವರಿಗೆ ದೊಡ್ಡ ಗುಡ್ಡ. ಇಂಥ ಮನೆಗಳಿಗೆ ನನ್ನ ಬೇಡಿಕೆ ಒಂದೇ: ಆಸ್ಪತ್ರೆಯಿಂದ ಹೊರಡುವ ಮೊದಲು ಅಲ್ಲಿಯ ಫಿಜಿಯೋ ಹತ್ತಿರ, ಮನೆಯಲ್ಲಿ ದಿನಾ ಮಾಡಿಸಲು ಆಗುವಂಥದ್ದನ್ನು ಕೇಳಿ ಕಲಿತುಕೊಳ್ಳಿ. ನಮ್ಮ ಮನೆಯಲ್ಲಿ ಮಾಡಿಸುವುದು ಕುರ್ಚಿಯಿಂದ ಎದ್ದು ಕೂರುವುದು. ಕೈ ಇರುವ ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡುತ್ತೇವೆ. ದೊಡ್ಡಪ್ಪ ಎರಡೂ ಪಾದ ನೆಲಕ್ಕೆ ಊರಿ, ಮುಂದೆ ಬಾಗಿ ಏಳುತ್ತಾರೆ. ಸೋತ ಕಡೆ, ಅಂದರೆ ಎಡಗಡೆ, ದೊಡ್ಡಮ್ಮ ನಿಂತು ಸೊಂಟದ ಬೆಲ್ಟ್ ಹಿಡಿದಿರುತ್ತಾರೆ. ಎದ್ದು ನಿಂತ ಮೇಲೆ ಎಡಗಾಲಿನ ಮೇಲೂ ಭಾರ ಬೀಳುವ ಹಾಗೆ ಒಂದೆರಡು ಉಸಿರಿನ ಹೊತ್ತು ನಿಲ್ಲುತ್ತಾರೆ, ನಿಧಾನಕ್ಕೆ ಕೂರುತ್ತಾರೆ. ಬೆಳಿಗ್ಗೆ ತಿಂಡಿಗೆ ಮೊದಲು ಒಂದಷ್ಟು, ಸಂಜೆ ಒಂದಷ್ಟು. ಆಮೇಲೆ ನಾಲ್ಕು ಕಾಲಿನ ಕೋಲು ಹಿಡಿದು ಅಂಗಳದ ತುದಿಯವರೆಗೆ ನಡಿಗೆ. "ಏಳಬ್ಯಾಡ್ರೀ" ಅನ್ನುತ್ತಿದ್ದ ದೊಡ್ಡಮ್ಮ ಈಗ ಹೊತ್ತಿಗೆ ಸರಿಯಾಗಿ ಬಂದು "ಏಳ್ರೀ, ಹೊತ್ತಾತು" ಅನ್ನುತ್ತಾರೆ.